‘ತಿದ್ದು’ ಅಂದರೆ ತಪ್ಪು ಹುಡುಕುವುದಲ್ಲ

ಪ್ರಶ್ನೆ: ಮೂರನೇ ಕ್ಲಾಸಿನಲ್ಲಿರುವ ಮಗಳ ಪ್ರಗತಿ ಪತ್ರದಲ್ಲಿ ‘ನಡತೆ ತಿದ್ದಿಕೊಳ್ಳಬೇಕು’ ಎಂದು ಬರೆದಿದ್ದಾರೆ. ಓದಿ ಬೇಜಾರಾಯಿತು. ಅದೇ ವಾರ ಅಜ್ಜಿ ಚಿಕ್ಕವನನ್ನು ಕೂರಿಸಿಕೊಂಡು ‘ಇವನಿಗೆ ಅಕ್ಷರ ತಿದ್ದಿಸಬೇಕು’ ಎಂದರು. ಆಧಾರ್ ಕೇಂದ್ರದಲ್ಲಿ ‘ತಿದ್ದುಪಡಿ’ ಅರ್ಜಿ ತುಂಬಿ ಬಂದೆ. ಇವೆಲ್ಲ ಒಂದೇ ‘ತಿದ್ದು’ ತಾನೇ? ತಿದ್ದುವುದು, ಸುಧಾರಿಸುವುದು, ಉದ್ಧಾರ ಮಾಡುವುದು, ಈ ಮೂರೂ ಒಂದೇನಾ? ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಹೌದು, ಎಲ್ಲ ಕಡೆ ಇರುವುದು ಒಂದೇ ‘ತಿದ್ದು’. ನಿಮಗೆ ಬೇಜಾರಾಗಿದ್ದೂ ಸಹಜವೇ. ಆದರೆ ಆ ನೋವಿನ ಮುಳ್ಳು ‘ತಿದ್ದು’ವಿನಲ್ಲಿಲ್ಲ, ಅದರ ಬಾಲಕ್ಕೆ ಅಂಟಿರುವ ‘ಕೊಳ್ಳಬೇಕು’ನಲ್ಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಅಜ್ಜಿಯ ಮಾತು ಹಿಡಿಯೋಣ. ನೀವು ಕೊಟ್ಟ ಮೂರು ಉದಾಹರಣೆಗಳಲ್ಲಿ ಪದದ ಜೀವ ಚೆನ್ನಾಗಿ ಕಾಣುವುದು ಅದರಲ್ಲೇ.

ಅಕ್ಷರ ತಿದ್ದುವುದನ್ನು ಹತ್ತಿರದಿಂದ ನೋಡಿ. ದೊಡ್ಡವರು ಸ್ಲೇಟಿನ ತುಂಬ ಒಂದು ‘ಅ’ ಬರೆದುಕೊಡುತ್ತಾರೆ. ಮಗು ಬಳಪ ಹಿಡಿದು ಅದರ ಮೇಲೇ ಬರೆಯುತ್ತದೆ. ಮೊದಲ ಸುತ್ತಿನಲ್ಲಿ ಬಳಪ ಗೆರೆ ಬಿಟ್ಟು ಆಚೆ ಹೋಗುತ್ತದೆ. ಮುಂದಿನ ಸುತ್ತಿನಲ್ಲಿ ತಿರುವಿನ ಹತ್ತಿರ ತಡವರಿಸಿ, ಹೇಗೋ ಒಳಗೆ ಬರುತ್ತದೆ. ಮತ್ತೆ ಮೇಲಿಂದ ಶುರು. ಸುತ್ತು ಸುತ್ತಿಗೂ ‘ಅ’ ದಪ್ಪ ಆಗುತ್ತದೆ, ಬೆರಳಿಗೆ ದಾರಿ ಗೊತ್ತಾಗುತ್ತದೆ. ಸ್ಲೇಟು ಬರುವ ಮುಂಚೆ ಇದೇ ಕೆಲಸ ಮರಳಿನ ಮೇಲೆ ನಡೆಯುತ್ತಿತ್ತು. ಹಳ್ಳಿಗಳಲ್ಲಿ ಐಗಳು ನಡೆಸುತ್ತಿದ್ದ ಕೂಲಿಮಠಗಳಲ್ಲಿ ಮಕ್ಕಳು ಮರಳು ಹರಡಿಕೊಂಡು ಬೆರಳಿನಿಂದಲೇ ತಿದ್ದುತ್ತಿದ್ದರು. ಇವತ್ತಿಗೂ ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸುವವರು, ಮನೆಯಲ್ಲೇ ವಿಜಯದಶಮಿಗೆ ಅಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಮಗುವಿನ ಬೆರಳು ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ.

ಈ ಇಡೀ ಕೆಲಸದಲ್ಲಿ ತಪ್ಪು ಎಲ್ಲಿದೆ? ಎಲ್ಲೂ ಇಲ್ಲ. ಸ್ಲೇಟಿನ ಮೇಲಿನ ‘ಅ’ ಸರಿಯಾಗೇ ಇದೆ. ಮಗು ಇನ್ನೂ ಏನೂ ಕೆಡಿಸಿಲ್ಲ. ಆದರೂ ನಾವು ‘ತಿದ್ದು’ ಅನ್ನುತ್ತೇವೆ. ಅಂದರೆ ಈ ಪದಕ್ಕೆ ಮೊದಲು ಬೇಕಾದದ್ದು ತಪ್ಪಲ್ಲ, ಒಂದು ಆಕಾರ. ಆ ಆಕಾರದ ಮೇಲೆ ಕೈ ಮತ್ತೆ ಮತ್ತೆ ಓಡಬೇಕು. ಓಡಿ ಓಡಿ ಅದು ಒಪ್ಪವಾಗಬೇಕು. ಮುಖ್ಯವಾಗಿ, ಯಾವುದನ್ನೂ ಅಳಿಸಬಾರದು. ಅಳಿಸಿದರೆ ಅದು ಒರೆಸುವುದು, ತಿದ್ದುವುದಲ್ಲ.

ಇದೇ ಅರ್ಥ ಚೆಲುವಿನ ಮಾತುಗಳಲ್ಲೂ ಇದೆ. ‘ತಿದ್ದಿ ತೀಡಿದ ಮೂಗು’ ಎನ್ನುವಾಗ ಆ ಮೂಗಿಗೆ ಏನೋ ದೋಷ ಇತ್ತು, ಸರಿ ಮಾಡಿದರು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಶಿಲ್ಪಿಯ ಕೈ ಅದರ ಮೇಲೆ ಜಾಸ್ತಿ ಹೊತ್ತು ಆಡಿದೆ ಅನ್ನುವ ಹೊಗಳಿಕೆ ಅದು. ಹುಬ್ಬು ತಿದ್ದುತ್ತಾರೆ, ಹಣೆಗೆ ತಿಲಕ ತಿದ್ದುತ್ತಾರೆ. ‘ನಮ್ಮ ಮೇಷ್ಟ್ರು ನನ್ನನ್ನ ತಿದ್ದಿ ತೀಡಿದರು’ ಎಂದು ಯಾರಾದರೂ ಹೇಳಿದರೆ ಅವರ ದನಿಯಲ್ಲಿ ದೂರು ಇರುವುದಿಲ್ಲ, ಋಣ ಇರುತ್ತದೆ.

ಹಳಗನ್ನಡದಲ್ಲಿ ಇದು ‘ತಿರ್ದು’. ‘ಇರ್ದು’ ಎಂಬುದು ‘ಇದ್ದು’ ಆದ ಹಾಗೆ ‘ತಿರ್ದು’ ‘ತಿದ್ದು’ ಆಯಿತು. ಅಕ್ಕಪಕ್ಕದ ಭಾಷೆಗಳಲ್ಲೂ ಇದರ ಒಡಹುಟ್ಟುಗಳಿವೆ. ತೆಲುಗಿನಲ್ಲಿ ‘ದಿದ್ದು’, ತಮಿಳಿನಲ್ಲಿ ‘ತಿರುತ್ತು’. ತೆಲುಗಿನಲ್ಲೂ ಅಕ್ಷರ ದಿದ್ದುತ್ತಾರೆ, ಬೊಟ್ಟು ದಿದ್ದುತ್ತಾರೆ. ಗುರಜಾಡ ಅಪ್ಪಾರಾವ್ 1910ರಲ್ಲಿ ಬರೆದ ಪ್ರಸಿದ್ಧ ಕಥೆಯ ಹೆಸರೇ ‘ದಿದ್ದುಬಾಟು’. ರಾತ್ರಿ ಹೊತ್ತು ಮನೆ ಬಿಟ್ಟು ಸುತ್ತುವ ಗಂಡನನ್ನು ಹೆಂಡತಿ ದಾರಿಗೆ ತರುವ ಕಥೆ ಅದು. ಗಂಡನನ್ನು ಬಿಟ್ಟುಹೋದೆ ಎಂದು ಪತ್ರ ಬರೆದಿಟ್ಟು, ಅದೇ ಕೋಣೆಯ ಮಂಚದ ಕೆಳಗೆ ಅಡಗಿ ಕೂರುತ್ತಾಳೆ. ಹೋಗಿಬಿಟ್ಟರೆ ದಿದ್ದುಬಾಟು ಆಗುತ್ತಿರಲಿಲ್ಲ. ಹತ್ತಿರ ಇದ್ದೇ ತಿದ್ದಬೇಕು.

ತಮಿಳಿನಿಂದ ನಮಗೆ ಇನ್ನೊಂದು ವಿಷಯ ತಿಳಿಯುತ್ತದೆ. ಅಲ್ಲಿ ಎರಡು ಕ್ರಿಯಾಪದಗಳಿವೆ. ‘ತಿರುತ್ತು’ ಅಂದರೆ ಇನ್ನೊಬ್ಬರನ್ನು ತಿದ್ದುವುದು. ‘ತಿರುಂದು’ ಅಂದರೆ ತಾನೇ ಸರಿಹೋಗುವುದು. ‘ತಿರುಂದಿಟ್ಟಾನ್’ ಎಂದರೆ ಮುಗಿಯಿತು, ಅವನು ಸರಿಹೋದ. ಇವತ್ತಿನ ಕನ್ನಡದಲ್ಲಿ ‘ಅವನು ತಿದ್ದಿದ’ ಎಂದರೆ ‘ಏನನ್ನ?’ ಎಂದು ಕೇಳುತ್ತೇವೆ. ನಮ್ಮಲ್ಲಿ ಯಾರೂ ತಂತಾನೇ ‘ತಿದ್ದುವುದಿಲ್ಲ’. ಒಂದೋ ಬೇರೆಯವರು ತಿದ್ದಬೇಕು, ಇಲ್ಲವೇ ತಾನು ತಿದ್ದಿಕೊಳ್ಳಬೇಕು. ಎರಡರಲ್ಲೂ ಕೈಯ ಕೆಲಸ ತಪ್ಪಿದ್ದಲ್ಲ. ತಾನಾಗೇ ಆದ ಬದಲಾವಣೆಗೆ ನಾವು ಬೇರೆ ಮಾತು ಹುಡುಕುತ್ತೇವೆ: ಸರಿಹೋದ, ದಾರಿಗೆ ಬಂದ, ನೆಟ್ಟಗಾದ, ಸುಧಾರಿಸಿದ.

ಈಗ ಆಧಾರ್ ಕೇಂದ್ರಕ್ಕೆ ಬನ್ನಿ. ‘ತಿದ್ದುಪಡಿ’ ಸರ್ಕಾರಿ ಭಾಷೆಯ ಪದ. ಆದರೆ ಅಜ್ಜಿಯ ‘ತಿದ್ದು’ ಅದರೊಳಗೆ ಹಾಗೇ ಉಳಿದಿದೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ನಿಮ್ಮ ಆಧಾರ್ ಸಂಖ್ಯೆಯನ್ನು ಎಸೆದು ಹೊಸದು ಕೊಡುವುದಿಲ್ಲ. ಅದೇ ಸಂಖ್ಯೆ ಇರುತ್ತದೆ, ಅಕ್ಷರ ಮಾತ್ರ ಸರಿಯಾಗುತ್ತದೆ. ಸಂವಿಧಾನದ ತಿದ್ದುಪಡಿಯೂ ಹೀಗೇ. 1950ರಲ್ಲಿ ಜಾರಿಗೆ ಬಂದ ಸಂವಿಧಾನಕ್ಕೆ ಮೊದಲ ತಿದ್ದುಪಡಿ 1951ರಲ್ಲೇ ಆಯಿತು. ಅಲ್ಲಿಂದ ಈಚೆಗೆ ನೂರಕ್ಕೂ ಹೆಚ್ಚು ಆಗಿವೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 371ಜೆ ವಿಧಿ ಸೇರಿಕೊಂಡಿದ್ದು 98ನೇ ತಿದ್ದುಪಡಿಯಿಂದ. ಇಷ್ಟೆಲ್ಲ ಆದಮೇಲೂ ನಾವು ಅದನ್ನು ಹೊಸ ಸಂವಿಧಾನ ಅನ್ನುವುದಿಲ್ಲ. ಅದೇ ಸಂವಿಧಾನ, ತಿದ್ದಿದ್ದೇವೆ ಅಷ್ಟೇ.

ತಿದ್ದುವುದರ ಎದುರು ಪದ ಯಾವುದು ಅಂತ ಕೇಳಿದರೆ ಹೆಚ್ಚಿನವರು ‘ಕೆಡಿಸು’ ಅನ್ನುತ್ತಾರೆ. ನಾನು ‘ರದ್ದು’ ಅನ್ನುತ್ತೇನೆ. 2020ರ ಮೂರು ಕೃಷಿ ಕಾಯ್ದೆಗಳ ವಿರುದ್ಧ ದೆಹಲಿಯ ಗಡಿಯಲ್ಲಿ ರೈತರು ಕೂತಿದ್ದಾಗ ಕೇಂದ್ರ ಸರ್ಕಾರ ತಿದ್ದುಪಡಿ ಮಾಡುತ್ತೇವೆ ಎಂದು ಮುಂದೆ ಬಂತು. ರೈತ ಸಂಘಟನೆಗಳು ಒಪ್ಪಲಿಲ್ಲ. ರದ್ದೇ ಆಗಬೇಕು ಎಂದರು. 2021ರ ನವೆಂಬರ್‌ನಲ್ಲಿ ರದ್ದಾಯಿತು. ತಿದ್ದುಪಡಿಗೆ ಒಪ್ಪಿದ್ದರೆ ಕಾಯ್ದೆ ಇರಲಿ ಎಂದು ಒಪ್ಪಿದ ಹಾಗೆ ಆಗುತ್ತಿತ್ತು. ಅದು ಅವರಿಗೆ ಬೇಕಿರಲಿಲ್ಲ. ಇರಲಿ ಅನ್ನಿಸಿದ್ದನ್ನು ಮಾತ್ರ ತಿದ್ದುತ್ತೇವೆ. ಬೇಡ ಅನ್ನಿಸಿದ್ದನ್ನು ರದ್ದು ಮಾಡುತ್ತೇವೆ. ಮನುಷ್ಯರ ಬಗ್ಗೆ ಈ ಪದ ಬಳಸುವಾಗಲೂ ಇದನ್ನು ನೆನಪಿಡಬೇಕು. ‘ಅವನನ್ನ ತಿದ್ದಬೇಕು’ ಎಂದಿರಾದರೆ ಅವನು ನಮ್ಮವನು, ಉಳಿಯಬೇಕಾದವನು ಎಂದು ಆಗಲೇ ಹೇಳಿಬಿಟ್ಟಿದ್ದೀರಿ.

ಹಾಗಂತ ಕಾನೂನಿನ ತಿದ್ದುಪಡಿ ಎಲ್ಲ ಒಳ್ಳೆಯದೇ ಅಂತಲ್ಲ. ಅಲ್ಲಿ ಈ ಪದ ಒಳ್ಳೆಯದು ಕೆಟ್ಟದ್ದು ಯಾವುದನ್ನೂ ಹೇಳುವುದಿಲ್ಲ. ಕರ್ನಾಟಕದ ಭೂ ಸುಧಾರಣಾ ಕಾಯ್ದೆ 1961ರದ್ದು. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ 1974ರಲ್ಲಿ ಅದಕ್ಕೆ ಬಂದ ತಿದ್ದುಪಡಿ ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟಿತು. ಅದೇ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಿತು. ಎರಡೂ ತಿದ್ದುಪಡಿಗಳೇ. ಯಾವುದು ಸುಧಾರಣೆ ಅನ್ನುವುದರ ಮೇಲೆ ಜಗಳ ಇದೆ, ಯಾವುದು ತಿದ್ದುಪಡಿ ಅನ್ನುವುದರ ಮೇಲಿಲ್ಲ.

ಈ ಪದಕ್ಕೊಂದು ಕರಾಳ ಮುಖವೂ ಇದೆ. ‘ಪಹಣಿ ತಿದ್ದುಪಡಿಗೆ ಅರ್ಜಿ ಹಾಕಿದ್ದೇನೆ’ ಎಂದರೆ ಕಾನೂನಿನ ಕೆಲಸ. ‘ಪಹಣಿ ತಿದ್ದಿದ್ದಾರೆ’ ಎಂದರೆ ಮೋಸ. ‘ಅಂಕಪಟ್ಟಿ ತಿದ್ದಿ ಸಿಕ್ಕಿಬಿದ್ದ’ ಎಂದು ಪತ್ರಿಕೆಯಲ್ಲಿ ಬಂದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಪದ ಇಷ್ಟು ಎದುರುಬದುರು ಹೇಗೆ ನಿಂತಿತು? ಮತ್ತೆ ಸ್ಲೇಟಿಗೆ ಹೋಗಿ. ಇದ್ದ ಗೆರೆಯ ಮೇಲೆ ಇನ್ನೊಂದು ಕೈ ಓಡುವುದು, ಇಷ್ಟೇ ಅದರ ತಿರುಳು. ಆ ಕೈಗೆ ಅಧಿಕಾರ ಇದೆಯಾ? ಎಲ್ಲರ ಎದುರು ಓಡಿತಾ, ಕದ್ದು ಓಡಿತಾ? 3 ಇದ್ದದ್ದನ್ನು ಯಾರೂ ನೋಡದಾಗ 8 ಮಾಡಿದರೂ ಅದು ತಿದ್ದಿದ್ದೇ. ಪ್ರೂಫ್ ತಿದ್ದುವವರನ್ನು ನೋಡಿ. ತಪ್ಪಾದ ಅಕ್ಷರಕ್ಕೆ ಗೆರೆ ಎಳೆದು, ಅಂಚಿನಲ್ಲಿ ಸರಿಯಾದದ್ದನ್ನು ಬರೆಯುತ್ತಾರೆ. ಹಳೆಯದು ಏನಿತ್ತು, ಹೊಸದು ಏನಾಯಿತು, ಎರಡೂ ಆ ಹಾಳೆಯಲ್ಲಿ ಕಾಣುತ್ತವೆ. ಪುಸ್ತಕದ ಕೊನೆಯ ತಪ್ಪು-ಒಪ್ಪು ಪಟ್ಟಿಯೂ ಹಾಗೇ. ಪ್ರಾಮಾಣಿಕ ತಿದ್ದುವಿಕೆ ತನ್ನ ಗುರುತು ಬಿಡುತ್ತದೆ. ಕಳ್ಳ ತಿದ್ದುವಿಕೆ ಗುರುತು ಮುಚ್ಚುತ್ತದೆ.

ಇನ್ನು ನಡತೆಯ ವಿಚಾರ. ಇಲ್ಲಿ ಎಲ್ಲರ ಬಾಯಲ್ಲೂ ಬರುವುದು ಬಸವಣ್ಣನವರ ವಚನ. ‘ಲೋಕದ ಡೊಂಕ ನೀವೇಕೆ ತಿದ್ದುವಿರಿ? ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ.’ ಭಾಷಣಗಳಲ್ಲಿ ಇದನ್ನು ‘ಲೋಕವನ್ನು ತಿದ್ದಬೇಡಿ, ನಿಮ್ಮನ್ನು ನೀವು ತಿದ್ದಿಕೊಳ್ಳಿ’ ಎಂದು ಸಲೀಸಾಗಿ ಬದಲಾಯಿಸಿ ಹೇಳುತ್ತಾರೆ. ಆದರೆ ವಚನದಲ್ಲಿ ಹಾಗಿಲ್ಲ, ಅಲ್ವಾ? ಲೋಕದ ಡೊಂಕಿಗೆ ‘ತಿದ್ದು’. ತನ್ನ ತನು ಮನಕ್ಕೆ ‘ಸಂತೈಸಿಕೊ’. ಎರಡು ಬೇರೆ ಕ್ರಿಯಾಪದ.

ಸಂತೈಸು ಅಂದರೆ ಸಮಾಧಾನ ಮಾಡು ಎಂದು ಇವತ್ತು ನಾವು ಅರ್ಥ ಮಾಡಿಕೊಳ್ಳುತ್ತೇವೆ. ಅದರಲ್ಲಿ ಕಾಪಾಡು, ನೋಡಿಕೋ, ಒಂದು ನೆಲೆಗೆ ತಾ ಎಂಬ ಅರ್ಥಗಳೂ ಇವೆ. ಡೊಂಕನ್ನು ನೆಟ್ಟಗೆ ಮಾಡಲು ಒತ್ತಬೇಕು, ಎಳೆಯಬೇಕು. ಮನಸ್ಸಿಗೆ ಆ ಒತ್ತಾಯ ಹೇಳಲಿಲ್ಲ ಬಸವಣ್ಣ. ಸಂತೈಸಿಕೊಳ್ಳಿ ಎಂದರು. ಮುಂದಿನ ಸಾಲು ಇನ್ನೂ ಖಾರ: ‘ನೆರೆಮನೆಯ ದುಃಖಕ್ಕೆ ಅಳುವವರ ಮೆಚ್ಚ ಕೂಡಲಸಂಗಮದೇವ.’ ನೆರೆಯವರ ಕಷ್ಟಕ್ಕೆ ಮರುಗಬೇಡಿ ಅಂತ ಇದನ್ನು ಓದಿದರೆ ತಪ್ಪಾಗುತ್ತದೆ. ಜಾತಿಯ ಕಟ್ಟನ್ನೇ ಎದುರಿಸಿ ನಿಂತವರು ಲೋಕದ ಗೊಡವೆ ಬೇಡ ಅನ್ನುವವರಲ್ಲ. ತನ್ನ ಮನೆಯ ಕೆಲಸ ಬಿಟ್ಟು ಬೀದಿಯಲ್ಲಿ ಅಳುವ ನಟನೆಯ ಮೇಲೆ ಅವರಿಗೆ ಸಿಟ್ಟು. ನನ್ನ ಮಟ್ಟಿಗೆ ಈ ವಚನದ ಬೆಲೆ ಇರುವುದೇ ಆ ಎರಡು ಕ್ರಿಯಾಪದಗಳ ನಡುವಿನ ಅಂತರದಲ್ಲಿ. ಅದನ್ನು ಅಳಿಸಿ ‘ತಿದ್ದಿಕೊಳ್ಳಿ’ ಎಂದು ಸಪಾಟು ಮಾಡಿದರೆ ಉಪದೇಶ ಉಳಿಯುತ್ತದೆ, ಕರುಣೆ ಹೋಗುತ್ತದೆ.

ಈಗ ನಿಮ್ಮ ಮಗಳ ಪ್ರಗತಿ ಪತ್ರ. ವ್ಯಾಕರಣ ಸ್ವಲ್ಪ ನೋಡೋಣ, ಭಾರ ಏನಿಲ್ಲ. ‘ಮಗುವನ್ನು ತಿದ್ದು’ ಎಂದಾಗ ದೊಡ್ಡವರ ಕೈ ಓಡುತ್ತದೆ, ಮಗು ಸ್ಲೇಟು. ‘ಮಗುವಿಗೆ ಅಕ್ಷರ ತಿದ್ದಿಸು’ ಎಂದಾಗ ಓಡುವುದು ಮಗುವಿನ ಬೆರಳೇ. ದೊಡ್ಡವರು ಅದನ್ನು ಹಿಡಿದಿರುತ್ತಾರೆ, ನಿಧಾನಕ್ಕೆ ಬಿಡುತ್ತಾರೆ. ‘ಮಗು ತಿದ್ದಿಕೊಳ್ಳಬೇಕು’ ಎಂದಾಗ ಬೆರಳು ಹಿಡಿಯುವವರು ಯಾರೂ ಇಲ್ಲ. ಪೂರ್ತಿ ಹೊಣೆ ಮಗುವಿನ ತಲೆ ಮೇಲೆ.

ದೊಡ್ಡವರಿಗೆ ‘ತಿದ್ದಿಕೊ’ ಹೇಳಬಹುದು. ಸಾಲ ಮಾಡಿ ಮನೆಗೆ ಬಾರದವನಿಗೆ, ಕೈಕೆಳಗಿನವರ ಮೇಲೆ ಕೂಗಾಡುವ ಅಧಿಕಾರಿಗೆ ಅದೇ ಸರಿಯಾದ ಪದ. ಯಾಕೆಂದರೆ ಮೂಲ ಅಕ್ಷರ ಹೇಗಿರಬೇಕು ಅಂತ ಅವರಿಗೆ ಗೊತ್ತು, ಗೊತ್ತಿದ್ದೂ ಗೆರೆ ಬಿಟ್ಟಿದ್ದಾರೆ. ಎಂಟು ವರ್ಷದ ಮಗುವಿಗೆ ಗೆರೆ ತೋರಿಸುವ ಕೆಲಸವೇ ಇನ್ನೂ ಮುಗಿದಿಲ್ಲ. ಆ ವಯಸ್ಸಿಗೆ ‘ತಿದ್ದಿಸು’ ಸರಿ, ‘ತಿದ್ದಿಕೊ’ ಅಲ್ಲ. ಅಲ್ಲದೆ ‘ನಡತೆ’ ಎಂಬ ಪದ ತೀರಾ ದೊಡ್ಡದು. ಒಂದು ಇಡೀ ಬದುಕಿನ ಲೆಕ್ಕ ಅದರಲ್ಲಿದೆ. ‘ಪಕ್ಕದವರ ಜೊತೆ ಪಾಠದ ಹೊತ್ತಿನಲ್ಲಿ ಮಾತಾಡುತ್ತಾಳೆ’ ಅಂತ ಬರೆದಿದ್ದರೆ ನಿಮಗೂ ಏನು ಮಾಡಬೇಕೆಂದು ಗೊತ್ತಾಗುತ್ತಿತ್ತು, ಅವಳಿಗೂ. ಟೀಚರ್ ಹತ್ತಿರ ಹೋಗಿ ಜಗಳ ಆಡುವ ಅಗತ್ಯ ಇಲ್ಲ. ‘ಯಾವ ವಿಷಯದಲ್ಲಿ? ನಾವು ಮನೆಯಲ್ಲಿ ಏನು ಮಾಡಿಸಬೇಕು?’ ಎಂದು ಕೇಳಿ. ಎಷ್ಟೋ ಸಲ ಅವರು ಸುಮ್ನೆ ರೂಢಿಯ ಸಾಲು ಬರೆದಿರುತ್ತಾರೆ. ಕೇಳಿದಾಗ ನಿಜವಾದ ಸಂಗತಿ ಹೊರಗೆ ಬರುತ್ತದೆ.

ಸುಧಾರಿಸು ಬಹಳ ಹಗುರವಾದ, ಹೊಂದಿಕೊಳ್ಳುವ ಪದ. ತಿದ್ದುವಿಗಿಲ್ಲದ ಒಂದು ಅನುಕೂಲ ಅದಕ್ಕಿದೆ, ತಂತಾನೇ ಆಗುತ್ತದೆ. ಆರೋಗ್ಯ ಸುಧಾರಿಸುತ್ತದೆ, ಮಳೆ ಬಂದರೆ ಬೆಳೆ ಸುಧಾರಿಸುತ್ತದೆ, ಮದುವೆ ಆದಮೇಲೆ ಹುಡುಗ ಸುಧಾರಿಸಿದ ಅನ್ನುತ್ತಾರೆ. ಮೆಟ್ಟಿಲು ಹತ್ತಿ ಬಂದವರಿಗೆ ‘ಸ್ವಲ್ಪ ಸುಧಾರಿಸ್ಕೊಳ್ಳಿ’ ಎನ್ನುತ್ತೇವೆ. ಅಲ್ಲಿ ನೀತಿಯ ಗಂಧವೂ ಇಲ್ಲ, ಉಸಿರು ತಿರುಗಲಿ ಅಂತ ಅಷ್ಟೇ. ‘ಹೇಗೋ ಸುಧಾರಿಸಿಕೊಂಡು ಹೋಗು’ ಅಂದರೆ ತಾಳಿಕೋ, ನಿಭಾಯಿಸು. ಹೊಸದಾಗಿ ಮದುವೆ ಆದ ಹೆಣ್ಣುಮಕ್ಕಳಿಗೆ ಈ ಮಾತನ್ನು ಎಷ್ಟು ಸಲ ಹೇಳಿಲ್ಲ! ಅಲ್ಲಿ ಸುಧಾರಿಸಬೇಕಾದವರು ಬೇರೆ, ಸುಧಾರಿಸಿಕೊಂಡು ಹೋಗಬೇಕಾದವರು ಬೇರೆ. ಒಂದೇ ಪದ ನಡತೆ ಬದಲಾಯಿಸುವುದಕ್ಕೂ, ಬದಲಾಗದ ನಡತೆಯನ್ನು ಸಹಿಸುವುದಕ್ಕೂ ಬಳಕೆಯಾಗುವುದು ನನಗಂತೂ ಕಸಿವಿಸಿ ತರುತ್ತದೆ. ಇನ್ನು ವ್ಯಕ್ತಿಗಿಂತ ವ್ಯವಸ್ಥೆಯ ಮಾತು ಬಂದಾಗ ಸುಧಾರಣೆಯೇ ಸರಿ: ಸಮಾಜ ಸುಧಾರಣೆ, ಭೂ ಸುಧಾರಣೆ, ಚುನಾವಣಾ ಸುಧಾರಣೆ.

ಉದ್ಧಾರ ಇವೆರಡಕ್ಕಿಂತ ಬೇರೆ. ಅದರ ಮೂಲ ಅರ್ಥ ಮೇಲಕ್ಕೆ ಎತ್ತುವುದು. ಪೂಜೆಯಲ್ಲಿ ತೀರ್ಥ ಎತ್ತಿಕೊಡುವ ಪುಟ್ಟ ಚಮಚಕ್ಕೆ ‘ಉದ್ಧರಣೆ’ ಎನ್ನುವುದು ಇದೇ ಬೇರಿನಿಂದ. ಪಾಳುಬಿದ್ದ ಗುಡಿಗೆ ಜೀರ್ಣೋದ್ಧಾರ. ಭಗವದ್ಗೀತೆಯ ಆರನೇ ಅಧ್ಯಾಯದಲ್ಲಿ ‘ಉದ್ಧರೇದಾತ್ಮನಾತ್ಮಾನಂ’ ಎಂದಿದೆ, ತನ್ನನ್ನು ತಾನೇ ಮೇಲೆತ್ತಿಕೊಳ್ಳಬೇಕು ಅಂತ. ಇಷ್ಟು ಎತ್ತರದ ಪದ ನಮ್ಮ ಮನೆಗಳಲ್ಲಿ ಬೈಗುಳ ಆಗಿ ಕೂತಿದೆ. ‘ನೀನು ಉದ್ಧಾರ ಆಗಲ್ಲ’, ‘ಉದ್ಧಾರ ಆದ ಹಾಗೇ!’ ಎಂದು ಮಕ್ಕಳಿಗೆ ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ತಿದ್ದುವಾಗ ಮುಂದಿನ ಸುತ್ತು ಇದ್ದೇ ಇರುತ್ತದೆ. ‘ಉದ್ಧಾರ ಆಗಲ್ಲ’ ಎಂದರೆ ಸ್ಲೇಟನ್ನೇ ಕಿತ್ತುಕೊಂಡ ಹಾಗೆ. ಮಕ್ಕಳ ಮೇಲೆ ಈ ಮಾತು ಬೇಡ.

ಉದ್ಧಾರದಲ್ಲಿ ಇನ್ನೊಂದು ತೊಡಕಿದೆ. ಎತ್ತುವವರು ಮೇಲೆ ಇರುತ್ತಾರೆ, ಎತ್ತಿಸಿಕೊಳ್ಳುವವರು ಕೆಳಗೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1897ರಲ್ಲಿ ಶುರು ಮಾಡಿದ ಕೆಲಸವನ್ನು ‘ದಲಿತೋದ್ಧಾರ’ ಎಂದು ಗೌರವದಿಂದಲೇ ಕರೆಯುತ್ತೇವೆ. ಶಾಲೆ ತೆರೆದು, ತನ್ನ ಜಾತಿಯವರ ಬಹಿಷ್ಕಾರ ಉಂಡು ನಿಂತ ಮನುಷ್ಯ ಅವರು. ಅವರ ಮೇಲಿನ ಗೌರವ ಕಡಿಮೆ ಆಗಬೇಕಾಗಿಲ್ಲ. ಆದರೆ 1970ರ ದಶಕದಲ್ಲಿ ಕರ್ನಾಟಕದ ದಲಿತರು ತಾವೇ ಸಂಘಟನೆ ಕಟ್ಟಿಕೊಂಡಾಗ ಹೆಸರಿನಲ್ಲಿ ಉದ್ಧಾರ ಇರಲಿಲ್ಲ, ‘ಸಂಘರ್ಷ’ ಇತ್ತು. ಇನ್ನೊಬ್ಬರ ಬಗ್ಗೆ ‘ಉದ್ಧಾರ’ ಬಳಸುವ ಮುಂಚೆ ಇದನ್ನು ಯೋಚಿಸುವುದು ಒಳ್ಳೆಯದು.

ಬುದ್ಧಿ ಹೇಳು, ಬುದ್ಧಿ ಕಲಿಸು ಎಂಬ ಜೋಡಿಯನ್ನೂ ನೆನಪಿಟ್ಟುಕೊಳ್ಳಿ. ಮೊದಲನೆಯದು ಹಿತವಚನ, ಎರಡನೆಯದು ಬೆದರಿಕೆ. ‘ಅವನಿಗೆ ಬುದ್ಧಿ ಕಲಿಸ್ತೀನಿ’ ಅಂದವರು ಪಾಠ ಮಾಡಲು ಹೊರಟಿರುವುದಿಲ್ಲ.

ಬಳಕೆಗೆ ಬಂದರೆ ನನ್ನ ಸಲಹೆ ಇಷ್ಟು. ಒಂದು ತಪ್ಪು, ಒಂದು ಅಭ್ಯಾಸ, ಒಂದು ಬರಹ ಎದುರಿಗಿದ್ದಾಗ ತಿದ್ದು ಎನ್ನಿ. ಇಡೀ ಪರಿಸ್ಥಿತಿ ನಿಧಾನವಾಗಿ ಒಳ್ಳೆಯದಾಗುತ್ತಿದ್ದರೆ ಸುಧಾರಿಸು. ಉದ್ಧಾರವನ್ನು ಗುಡಿಗೆ, ಕೆರೆಗೆ, ಆಶೀರ್ವಾದಕ್ಕೆ ಇಟ್ಟುಕೊಳ್ಳಿ. ಬರೆಯುವಾಗ ಅಕ್ಷರ ಜೋಪಾನ: ‘ತಿದ್ದು’ ಅಚ್ಚಗನ್ನಡ, ಅದರ ಒತ್ತು ದಕಾರ. ‘ಸುಧಾರಣೆ’ಗೆ ಮಹಾಪ್ರಾಣ ಧ ಬೇಕು. ‘ಉದ್ಧಾರ’ದಲ್ಲಿ ದಕಾರಕ್ಕೆ ಧಕಾರದ ಒತ್ತು. ‘ಉದ್ದಾರ’ ಎಂದು ಅಂಗಡಿ ಬೋರ್ಡುಗಳಲ್ಲೂ ಆಮಂತ್ರಣ ಪತ್ರಗಳಲ್ಲೂ ಕಾಣುತ್ತದೆ, ಅದು ತಪ್ಪು. ಅರ್ಜಿಯ ಮೇಲ್ಗಡೆ ವಿಷಯ ಬರೆಯುವಾಗ ‘ಹೆಸರು ತಿದ್ದುಪಡಿ ಮಾಡುವ ಕುರಿತು’ ಎಂದರೆ ಸಾಕು. ‘ತಿದ್ದುಪಡಿ ಸರಿಪಡಿಸುವ ಕುರಿತು’ ಎಂದು ಬರೆದರೆ ಆಗಲೇ ಮಾಡಿದ ತಿದ್ದುಪಡಿಯಲ್ಲೇ ತಪ್ಪಿದೆ ಎಂದು ಅರ್ಥವಾಗುತ್ತದೆ.